ನಾಯಿಯ ಕೋಶಕ್ಕೆ ಮನುಷ್ಯನ ಪ್ರತಿಕಾಯ

ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರದ ಪರದೆಯ ಮೇಲೆ, ನಕ್ಷೆಯಲ್ಲಿ ಎರಡು ಗುಡ್ಡಗಳು ಒಂದರ ಮೇಲೊಂದು ಕೂತಿದ್ದವು. ಒಂದು ಗುಡ್ಡ ಪ್ರತಿಕಾಯವನ್ನೇ, ಅಂದರೆ ನಿರ್ದಿಷ್ಟ ಗುರಿಯೊಂದಕ್ಕೆ ಅಂಟುವ ಪ್ರೋಟೀನನ್ನೇ, ಹಾಕದ ಕೋಶಗಳದು. ಇನ್ನೊಂದು ಸಿಡಿ73 ಎಂಬ ಗುರುತಿನ ಅಣುವನ್ನು ಹುಡುಕುವ ಪ್ರತಿಕಾಯವನ್ನು ಹಾಕಿದ ಕೋಶಗಳದು. ಗುರುತು ಸಿಕ್ಕಿದ್ದರೆ ಎರಡನೆಯ ಗುಡ್ಡ ಬಲಕ್ಕೆ ಸರಿಯಬೇಕಿತ್ತು, ಆದರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಕೋಲಾರದ ಸಮೀಪದ ಹಳ್ಳಿಯೊಂದರ ಹೆಣ್ಣು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ, ಹೇಗೂ ಬಿಸಾಡಬೇಕಿದ್ದ ಚಿಟಿಕೆ ಕೊಬ್ಬನ್ನು ಮಾಲೀಕರ ಒಪ್ಪಿಗೆ ಪಡೆದು ತಂದು, ಮೂರು ವಾರ ಜೋಪಾನವಾಗಿ ಬೆಳೆಸಿದ ಕೋಶಗಳು ಅವು. ನಾನು ಟಿಪ್ಪಣಿ ಪುಸ್ತಕದಲ್ಲಿ "ಸಿಡಿ73: ಇಲ್ಲ" ಎಂದು ಬರೆದು ಪುಟ ತಿರುಗಿಸಿದೆ. ಆ ಎರಡಕ್ಷರದ ಮಾತನ್ನು ಬರೆಯುವ ಅಧಿಕಾರ ನನಗೆ ಇರಲಿಲ್ಲ ಎಂಬುದು ಅರ್ಥವಾಗಲು ನಾಲ್ಕು ತಿಂಗಳು ಹಿಡಿಯಿತು.

ನಾನು ಮುಳಬಾಗಿಲು ಕಡೆಯ ಹಳ್ಳಿಯಿಂದ ಬಂದು, ಪಶುವೈದ್ಯಕೀಯ ಪದವಿ ಮುಗಿಸಿ, ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪ್ರಾಣಿಗಳ ಕಾಂಡಕೋಶಗಳ (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲಕೋಶಗಳ) ಮೇಲೆ ಕೆಲಸ ಮಾಡುತ್ತಿದ್ದೇನೆ. ವಾರಾಂತ್ಯ ಊರಿಗೆ ಹೋದಾಗ, ಸಂಜೆ ಡೈರಿಗೆ ಹಾಲು ಹಾಕಲು ಬಂದವರು "ಅಲ್ಲಿ ಏನು ಕೆಲಸ?" ಎಂದು ಕೇಳುತ್ತಾರೆ. ಪ್ರಾಣಿಗಳ ಕೋಶಗಳನ್ನು ಎಣಿಸುವ ಕೆಲಸ ಎಂದರೆ ಅವರಿಗೆ ಸಾಕಾಗುವುದಿಲ್ಲ, ಸಾಕಾಗಬಾರದು ಕೂಡ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಆ ಪರದೆಯ ಹಿಂದಿನ, ಫ್ಲೋ ಸೈಟೋಮೀಟರ್ ಎಂಬ ಯಂತ್ರವನ್ನು ವಿವರಿಸಬೇಕಾದಾಗ ನನಗೆ ಮೊದಲು ನೆನಪಾಗುವುದು ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ. ಬಿಸಿನೀರಿನ ತೊಟ್ಟಿಯಲ್ಲಿ ರಾಶಿ ಗೂಡುಗಳು ಕುಣಿಯುತ್ತಿದ್ದರೂ, ಸಣ್ಣ ರಂಧ್ರದ ಮೂಲಕ ಹಾದು ರಾಟೆಗೆ ಏರುವ ನೂಲು ಒಂದೇ. ಈ ಯಂತ್ರದಲ್ಲಿಯೂ ಹಾಗೆಯೇ, ಲಕ್ಷಗಟ್ಟಲೆ ಕೋಶಗಳು ತೇಲುವ ದ್ರವವನ್ನು ಒಂದು ಸಣ್ಣ ಕೊಳವೆಗೆ ಬಿಡುತ್ತಾರೆ, ಅದರ ಸುತ್ತ ಇನ್ನೊಂದು ಶುದ್ಧ ದ್ರವ ವೇಗವಾಗಿ ಹರಿಯುತ್ತದೆ. ಆ ಹೊರಗಿನ ದ್ರವದ ಒತ್ತಡಕ್ಕೆ ಒಳಗಿನ ಧಾರೆ ಎಳೆಯಾಗಿ ಸಪೂರಗೊಂಡು, ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಈ ಉಪಾಯವನ್ನು ಕ್ರಾಸ್‌ಲ್ಯಾಂಡ್-ಟೇಲರ್ ಪ್ರಕಟಿಸಿದ್ದು 1953ರಲ್ಲಿ. ಸಾಲಿನಲ್ಲಿ ಬಂದ ಪ್ರತಿಯೊಂದು ಕೋಶವೂ ಲೇಸರ್ ಕಿರಣವನ್ನು ದಾಟುತ್ತದೆ. ನೇರ ಮುಂದಕ್ಕೆ ಚೆದುರುವ ಬೆಳಕು ಕೋಶದ ಗಾತ್ರವನ್ನು ಅಂದಾಜಾಗಿ ಹೇಳುತ್ತದೆ, ಪಕ್ಕಕ್ಕೆ ಚೆದುರುವ ಬೆಳಕು ಅದರೊಳಗಿನ ಕಣಗಳ ಒರಟುತನವನ್ನು ಹೇಳುತ್ತದೆ, ಮತ್ತು ಕೋಶಕ್ಕೆ ನಾವು ಅಂಟಿಸಿದ ಬಣ್ಣ ಹೊಳೆದರೆ ಆ ಹೊಳಪಿನ ಪ್ರಮಾಣ ಮೂರನೆಯ ಲೆಕ್ಕವಾಗುತ್ತದೆ. 488 ನ್ಯಾನೋಮೀಟರ್‌ನ ನೀಲಿ ಲೇಸರ್ ಬಿದ್ದಾಗ ಸುಮಾರು 520 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ಹೊಮ್ಮಿಸುವ ಎಫ್‌ಐಟಿಸಿ ಇಂತಹ ಬಣ್ಣಗಳಲ್ಲಿ ಹಳೆಯದು. ಸೆಕೆಂಡಿಗೆ ಸಾವಿರಾರು ಕೋಶಗಳು ಹೀಗೆ ಒಂದೊಂದಾಗಿ ಅಳತೆಗೆ ಸಿಗುತ್ತವೆ.

ಆ ಬಣ್ಣವನ್ನು ಕೋಶಕ್ಕೆ ತಲುಪಿಸುವುದು ಪ್ರತಿಕಾಯ. ಒಂದೇ ಗುರಿಯನ್ನು ಹಿಡಿಯುವ ಏಕರೂಪದ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿಕೊಟ್ಟ ಮೇಲೆ ಈ ಯಂತ್ರಕ್ಕೆ ನಿಜವಾದ ಬಲ ಬಂದಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಯಂತ್ರ ಅಳೆಯುವುದು ಬೆಳಕನ್ನು ಮಾತ್ರ. ಅದಕ್ಕೆ ಪ್ರೋಟೀನು ಕಾಣುವುದಿಲ್ಲ, ಕಾಂಡಕೋಶವೂ ಕಾಣುವುದಿಲ್ಲ. ಬೆಳಕಿನಿಂದ ಪ್ರೋಟೀನಿನವರೆಗಿನ ದಾರಿಯನ್ನು ಪ್ರತಿಕಾಯದ ಮೇಲೆ ನಂಬಿಕೆಯಿಟ್ಟು ನಾವೇ ನಡೆಯಬೇಕು.

ನಮ್ಮ ಜಿಲ್ಲೆಯವರಿಗೆ ಈ ತಂತ್ರ ಅಪರಿಚಿತವಲ್ಲ, ಹೆಸರು ಮಾತ್ರ ಅಪರಿಚಿತ. ಹಾಲಿನಲ್ಲಿರುವ ದೇಹಕೋಶಗಳ ಎಣಿಕೆಯನ್ನು ದೊಡ್ಡ ಹಾಲು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಮಾಡುವ ಯಂತ್ರಗಳ ಒಳಗಿರುವುದು ಇದೇ ತತ್ತ್ವ. ಡಿಎನ್‌ಎಗೆ ಅಂಟುವ ಬಣ್ಣವೊಂದನ್ನು ಹಾಲಿಗೆ ಬೆರೆಸಿ, ಹೊಳೆಯುವ ಕೋಶಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಕೆಚ್ಚಲಿನ ಒಂದು ಭಾಗದ ಹಾಲಿನಲ್ಲಿ ಪ್ರತಿ ಮಿಲಿಲೀಟರಿಗೆ 2 ಲಕ್ಷಕ್ಕಿಂತ ಹೆಚ್ಚು ಕೋಶಗಳಿದ್ದರೆ, ಹಾಲು ಬೆಳ್ಳಗೆ ಚೆನ್ನಾಗಿಯೇ ಕಂಡರೂ, ಒಳಗೆ ಕೆಚ್ಚಲು ಬಾವು ಹೊಗೆಯಾಡುತ್ತಿದೆ ಎಂದು ಭಾವಿಸುವುದು ರೂಢಿ. ಯುರೋಪಿನಲ್ಲಿ ಮಾರಾಟದ ಹಸಿ ಹಾಲಿಗೆ 4 ಲಕ್ಷದ ಮಿತಿಯಿದೆ. ಆರೋಗ್ಯವಂತ ಕೆಚ್ಚಲಿನ ಹಾಲಿನಲ್ಲಿ ಬೇರೆ ಬಗೆಯ ಬಿಳಿ ರಕ್ತಕಣಗಳು ಹೆಚ್ಚಿದ್ದು, ಸೋಂಕು ತಗುಲಿದ ಕೂಡಲೇ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಧಾವಿಸಿ ಬಂದು ಬಹುಪಾಲನ್ನು ಆಕ್ರಮಿಸಿಕೊಳ್ಳುತ್ತವೆ. ಆದ್ದರಿಂದ ಎಷ್ಟು ಕೋಶಗಳಿವೆ ಎಂಬುದರ ಜೊತೆಗೆ ಯಾವ ಕೋಶಗಳಿವೆ ಎಂಬುದನ್ನೂ ಹೇಳುವ ಹೊಸ ಯಂತ್ರಗಳು ಬಂದಿವೆ. ನಮ್ಮ ಹಳ್ಳಿಯ ಡೈರಿಗಳಲ್ಲಿ ಇಂದಿಗೂ ಬೆಲೆ ನಿಗದಿಯಾಗುವುದು ಜಿಡ್ಡು ಮತ್ತು ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ನೋಡಿ. ಕೋಶಗಳ ಎಣಿಕೆಯೂ ಆ ಚೀಟಿಯ ಮೇಲೆ ಒಂದು ಸಾಲಾಗಿ ಬಂದರೆ, ಕೆಚ್ಚಲು ಗಟ್ಟಿಯಾಗಿ ಹಾಲು ಒಡೆಯುವ ತನಕ ಕಾಯಬೇಕಾದ ಸ್ಥಿತಿ ಎಷ್ಟೋ ಮನೆಗಳಿಗೆ ತಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊರಿನಲ್ಲಿ ಹೆಚ್ಚು ಚರ್ಚೆಯಾಗುವುದು ಮಾತ್ರ "ಹೆಣ್ಣು ಕರುವಿನ ಕಡ್ಡಿ", ಅಂದರೆ ಹೆಣ್ಣು ಕರುವೇ ಹುಟ್ಟಲೆಂದು ವಿಂಗಡಿಸಿದ ಹೋರಿಯ ವೀರ್ಯ ತುಂಬಿದ, ಕೃತಕ ಗರ್ಭಧಾರಣೆಯ ಕಡ್ಡಿ. ಅದರ ಹಿಂದಿರುವುದೂ ಇದೇ ಯಂತ್ರ, ಆದರೆ ಎಣಿಸುವುದರ ಜೊತೆಗೆ ವಿಂಗಡಿಸುವ ಸಾಮರ್ಥ್ಯವಿರುವ ಬಗೆ. ರೇಷ್ಮೆ ಮೊಟ್ಟೆ ತಯಾರಿಸುವವರಿಗೆ ಬಿತ್ತನೆ ಗೂಡಿನಲ್ಲಿ ಗಂಡು ಹಗುರ, ಹೆಣ್ಣು ಭಾರ ಎಂಬುದು ಗೊತ್ತಿರುತ್ತದೆ, ತೂಕ ನೋಡಿ ಬೇರೆ ಮಾಡುವ ಪದ್ಧತಿಯೂ ಇದೆ. ಹೋರಿಯ ವೀರ್ಯಾಣುಗಳಲ್ಲಿ ಅಂತಹ ವ್ಯತ್ಯಾಸ ಡಿಎನ್‌ಎ ಪ್ರಮಾಣದಲ್ಲಿದೆ: ಹೆಣ್ಣು ಕರುವಿಗೆ ಕಾರಣವಾಗುವ ಎಕ್ಸ್ ವೀರ್ಯಾಣುವಿನಲ್ಲಿ, ಗಂಡು ಕರುವಿಗೆ ಕಾರಣವಾಗುವ ವೈ ವೀರ್ಯಾಣುವಿಗಿಂತ ಶೇಕಡಾ 3.8ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಹೋಕ್ಸ್ಟ್ 33342 ಎಂಬ ಬಣ್ಣ ಜೀವಂತ ವೀರ್ಯಾಣುವಿನೊಳಗೆ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಹೆಚ್ಚು ಡಿಎನ್‌ಎ ಇರುವುದು ಆ ಇಷ್ಟೇ ಇಷ್ಟು ಹೆಚ್ಚು ಹೊಳೆಯುತ್ತದೆ. ವೀರ್ಯಾಣುವಿನ ತಲೆ ಚಪ್ಪಟೆಯಾದ್ದರಿಂದ ಅದು ಅಡ್ಡಾದಿಡ್ಡಿ ತಿರುಗಿದರೆ ಹೊಳಪಿನ ಲೆಕ್ಕವೇ ತಪ್ಪುತ್ತದೆ. ಅದಕ್ಕಾಗಿ ಕೊಳವೆಯ ಬಾಯಿಯನ್ನೇ ವಿಶೇಷ ಆಕಾರದಲ್ಲಿ ಮಾಡಿ ತಲೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುವಂತೆ ನೋಡಿಕೊಳ್ಳುತ್ತಾರೆ. ಧಾರೆಯನ್ನು ಹನಿಹನಿಯಾಗಿ ಒಡೆದು, ಬೇಕಾದ ಕೋಶವಿರುವ ಹನಿಗೆ ವಿದ್ಯುದಾವೇಶ ಕೊಟ್ಟು ಪಕ್ಕಕ್ಕೆ ಸೆಳೆಯುವ ವಿಂಗಡಣೆಯ ಕ್ರಮವನ್ನು ಮ್ಯಾಕ್ ಫುಲ್ವೈಲರ್ 1965ರಲ್ಲಿ ವರದಿ ಮಾಡಿದ್ದರು. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಲಾರೆನ್ಸ್ ಜಾನ್ಸನ್ ಮತ್ತು ಸಂಗಡಿಗರು ಅದನ್ನು ವೀರ್ಯಾಣುಗಳಿಗೆ ಹೊಂದಿಸಿ, 1989ರಲ್ಲಿ ಮೊಲದ ಮರಿಗಳು ಹುಟ್ಟಿದ್ದನ್ನು ಪ್ರಕಟಿಸಿದರು.

ಇದರ ಮಿತಿಯನ್ನು ರೈತರಿಗೆ ಬಿಡಿಸಿ ಹೇಳುವವರು ಕಡಿಮೆ. ಸಾಮಾನ್ಯ ಕಡ್ಡಿಯಲ್ಲಿ 2 ಕೋಟಿ ವೀರ್ಯಾಣುಗಳಿದ್ದರೆ, ವಿಂಗಡಿಸಿದ ಕಡ್ಡಿಯಲ್ಲಿ ಬಹುಕಾಲ ಇದ್ದದ್ದು ಸುಮಾರು 20 ಲಕ್ಷ, ಈಚೆಗೆ 40 ಲಕ್ಷದ ಕಡ್ಡಿಗಳೂ ಬಂದಿವೆ. ಬಣ್ಣ, ಲೇಸರ್, ಒತ್ತಡ, ವಿದ್ಯುತ್ ಎಲ್ಲವನ್ನೂ ದಾಟಿ ಬಂದ ವೀರ್ಯಾಣುಗಳಿಗೆ ಮೊದಲಿನ ಕಸುವು ಇರುವುದಿಲ್ಲ. ಆದ್ದರಿಂದಲೇ ಇದನ್ನು ಚೆನ್ನಾಗಿ ಬೆಳೆದ ಪಡ್ಡೆಗಳಿಗೆ (ಇನ್ನೂ ಕರು ಹಾಕದ ಎಳೆ ಹಸುಗಳಿಗೆ), ಬೆದೆಯ ಸಮಯವನ್ನು ಸರಿಯಾಗಿ ಗಮನಿಸಿ ಹಾಕಿಸುವುದು ಒಳ್ಳೆಯದು. ಹತ್ತರಲ್ಲಿ ಒಂಬತ್ತು ಹೆಣ್ಣು ಎಂದರೆ, ಗಬ್ಬ ನಿಂತ ಹತ್ತರಲ್ಲಿ ಒಂಬತ್ತು ಎಂದು ತಿಳಿಯಬೇಕು. ಹಾಕಿಸಿದ ಹತ್ತರಲ್ಲಿ ಎಂದಲ್ಲ. ಎರಡು ಕಡ್ಡಿ ನಿಲ್ಲದೇ ಹೋದ ಮೇಲೆ "ಇದೆಲ್ಲ ಮೋಸ" ಎಂದು ಕೈಬಿಟ್ಟ ನೆರೆಯವರೊಬ್ಬರಿಗೆ ಇದನ್ನು ಕೂತು ವಿವರಿಸಿದಾಗ, "ಮೊದಲೇ ಹೇಳಿದ್ದರೆ ಕರೆಯುವ ಹಸುವನ್ನು ಬಿಟ್ಟು ಪಡ್ಡೆಗೆ ಹಾಕಿಸುತ್ತಿದ್ದೆ" ಎಂದರು. ಅವರು ಹೇಳಿದ್ದು ಸರಿ. ತಂತ್ರಜ್ಞಾನವನ್ನು ಕೊಟ್ಟವರು ಅದರ ಶರತ್ತುಗಳನ್ನೂ ಕೊಡಬೇಕಿತ್ತು.

ವೀರ್ಯಾಣು ವಿಂಗಡಣೆಯಲ್ಲಿ ಪ್ರತಿಕಾಯದ ಅಗತ್ಯವಿಲ್ಲ, ಡಿಎನ್‌ಎ ಎಲ್ಲ ಪ್ರಾಣಿಗಳಲ್ಲೂ ಬಣ್ಣವನ್ನು ಒಂದೇ ರೀತಿ ಹಿಡಿಯುತ್ತದೆ. ತೊಡಕು ಆರಂಭವಾಗುವುದು ಕೋಶದ ಹೊರಮೈಯ ಗುರುತುಗಳನ್ನು ಹುಡುಕಲು ಹೊರಟಾಗ. ಮಾರುಕಟ್ಟೆಯಲ್ಲಿ ಸಿಗುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಮನುಷ್ಯನ ಅಥವಾ ಇಲಿಯ ಪ್ರೋಟೀನುಗಳಿಗಾಗಿ ಮಾಡಿದವು. ದನ, ಕುರಿ, ನಾಯಿ, ಕೋಳಿಗಳಿಗೆ ಇರುವ ಪಟ್ಟಿ ಚಿಕ್ಕದು. ಅದರ ಜೊತೆಗೆ ಪ್ರಾಣಿಗಳ ದೇಹವೇ ಬೇರೆ ಕ್ರಮದಲ್ಲಿ ಏರ್ಪಟ್ಟಿದೆ. ಮನುಷ್ಯರ ರಕ್ತದ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ಕಣಗಳಲ್ಲಿ ಗಾಮಾ-ಡೆಲ್ಟಾ ಬಗೆಯವು ಕೆಲವೇ ಶೇಕಡಾ ಇರುತ್ತವೆ. ಎಳೆಗರುವಿನ ರಕ್ತದಲ್ಲಿ ಅವು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಇರಬಹುದು, ವಯಸ್ಸಾದಂತೆ ಕಡಿಮೆಯಾಗುತ್ತವೆ. ಅವುಗಳಲ್ಲಿ ಅನೇಕವು ಡಬ್ಲ್ಯೂಸಿ1 ಎಂಬ ಅಣುವನ್ನು ಹೊರಮೈಯಲ್ಲಿ ಹೊತ್ತಿರುತ್ತವೆ. ಆ ಹೆಸರಿನ ಹಿಂದೆಯೇ ಒಂದು ಕಥೆಯಿದೆ: ಮನುಷ್ಯರಲ್ಲಿ ಅದಕ್ಕೆ ಸಮನಾದ ಸಿಡಿ ಸಂಖ್ಯೆ (ಕೋಶದ ಹೊರಮೈಯ ಗುರುತುಗಳಿಗೆ ಕೊಡುವ ಕ್ರಮಸಂಖ್ಯೆ) ಸಿಗದೆ, ಪ್ರತಿಕಾಯಗಳನ್ನು ಹೋಲಿಸಿ ನೋಡಲು ಸೇರಿದ ಕಾರ್ಯಾಗಾರದ ಹೆಸರಿನಲ್ಲೇ ವರ್ಕ್‌ಶಾಪ್ ಕ್ಲಸ್ಟರ್ ಎಂದು ಕರೆದರು. ನಾಯಿಯಲ್ಲಿ ಇನ್ನೊಂದು ವಿಚಿತ್ರ. ಮನುಷ್ಯರಲ್ಲಿ ಸಿಡಿ4 ಎಂದರೆ ಸಹಾಯಕ ಟಿ ಕೋಶದ ಗುರುತು ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ, ಆದರೆ ನಾಯಿಯ ನ್ಯೂಟ್ರೋಫಿಲ್‌ಗಳೂ ಸಿಡಿ4 ಹೊತ್ತಿರುತ್ತವೆ. ಇದನ್ನು ತಿಳಿಯದೆ ನಾಯಿಯ ರಕ್ತದಲ್ಲಿ ಸಿಡಿ4 ಇರುವ ಕೋಶಗಳನ್ನೆಲ್ಲ ಎಣಿಸಿದರೆ, ರೋಗನಿರೋಧಕ ಶಕ್ತಿಯ ಬಗ್ಗೆ ನಾವು ಬರೆಯುವುದೆಲ್ಲ ತಪ್ಪಾಗುತ್ತದೆ.

ಕೋಳಿಯದು ಮತ್ತೂ ಬೇರೆ. ನಾಯಿ, ದನಗಳ ರಕ್ತದಲ್ಲಿ ಕೆಂಪು ಕಣಗಳನ್ನು ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಒಡೆದು ಬಿಳಿ ಕಣಗಳನ್ನು ಉಳಿಸಿಕೊಳ್ಳುವುದು ಸುಲಭ. ಕೋಳಿಯ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇರುವುದರಿಂದ ಆ ಉಪಾಯ ಅಲ್ಲಿ ನಡೆಯುವುದಿಲ್ಲ. ಆದರೂ ರೋಗನಿರೋಧಕ ವಿಜ್ಞಾನ ಕೋಳಿಗೆ ಋಣಿ. ಪ್ರತಿಕಾಯ ತಯಾರಿಸುವ ಬಿ ಕೋಶದ ಹೆಸರಿನಲ್ಲಿರುವ "ಬಿ" ಬಂದಿರುವುದು ಕೋಳಿಯ ಬಾಲದ ಬುಡದಲ್ಲಿರುವ ಬರ್ಸಾ ಎಂಬ ಅಂಗದಿಂದ. ಆ ಅಂಗ ತೆಗೆದ ಕೋಳಿಗಳಲ್ಲಿ ಪ್ರತಿಕಾಯ ತಯಾರಾಗುವುದಿಲ್ಲ ಎಂಬುದನ್ನು ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ತೋರಿಸಿದರು. ಗಂಬೊರೊ ರೋಗ ಬಂದಾಗ ಹಾಳಾಗುವುದು ಇದೇ ಬರ್ಸಾ ಎಂಬುದನ್ನು ನಮ್ಮ ಕಡೆಯ ಕೋಳಿ ಸಾಕಣೆದಾರರು ಸತ್ತ ಮರಿಗಳನ್ನು ಕೊಯ್ದು ನೋಡಿ ಬಲ್ಲರು.

ಇನ್ನು ಕಾಂಡಕೋಶಗಳ ವಿಷಯ. ಈ ಕ್ಷೇತ್ರ ಬೆಳೆದಿರುವುದೇ ಫ್ಲೋ ಸೈಟೋಮೀಟರಿನ ಹೆಗಲ ಮೇಲೆ ಎಂದರೆ ಅತಿಶಯೋಕ್ತಿಯಲ್ಲ. ಇಲಿಯ ಅಸ್ಥಿಮಜ್ಜೆಯಲ್ಲಿ ರಕ್ತದ ಕಾಂಡಕೋಶಗಳು ಸುಮಾರು ಎರಡು ಸಾವಿರಕ್ಕೆ ಒಂದರಂತೆ ಇರುತ್ತವೆ, ಸೂಕ್ಷ್ಮದರ್ಶಕದ ಕೆಳಗೆ ಬೇರೆ ಕೋಶಗಳಿಂದ ಅವನ್ನು ಗುರುತಿಸಲಾಗದು. 1988ರಲ್ಲಿ ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ಅವರ ತಂಡ, ಪಕ್ವವಾದ ರಕ್ತಕಣಗಳ ಗುರುತುಗಳಿರುವುದನ್ನೆಲ್ಲ ಹೊರಗಿಟ್ಟು, ಉಳಿದುದರಲ್ಲಿ ಬೇಕಾದ ಗುರುತುಗಳಿರುವುದನ್ನು ಮಾತ್ರ ವಿಂಗಡಿಸಿ ತೆಗೆದು, ಅಂತಹ ಮೂವತ್ತು ಕೋಶಗಳು ಮಾರಕ ವಿಕಿರಣಕ್ಕೆ ಒಳಗಾದ ಇಲಿಗಳಲ್ಲಿ ಅರ್ಧದಷ್ಟನ್ನು ಬದುಕಿಸಿದವು ಎಂದು ವರದಿ ಮಾಡಿತು. ಮೂವತ್ತು ಕೋಶಗಳೆಂದರೆ ಸೂಜಿಯ ಮೊನೆಯ ಮೇಲೂ ಕಾಣದಷ್ಟು. ಈ ವಾಕ್ಯವನ್ನು ಮೊದಲ ಬಾರಿ ಓದಿದ ದಿನ ನಾನು ಈ ಕೆಲಸಕ್ಕೇ ಬರಬೇಕೆಂದು ನಿಶ್ಚಯಿಸಿದೆ.

ಅದಕ್ಕೂ ಮೊದಲು, ಅಸ್ಥಿಮಜ್ಜೆಯ ಕಸಿ ಮನುಷ್ಯರಲ್ಲಿ ಸಾಧ್ಯವಾಗಲು ದಾರಿ ತೋರಿದ್ದು ನಾಯಿಗಳು. 1990ರಲ್ಲಿ ನೊಬೆಲ್ ಪಡೆದ ಡೊನಾಲ್ ಥಾಮಸ್ ಅವರು 1950ರ ದಶಕದಿಂದಲೇ ನಾಯಿಗಳಲ್ಲಿ ಕಸಿಯ ಪ್ರಯೋಗಗಳನ್ನು ನಡೆಸಿದ್ದರು. ರಕ್ತದ ಆದಿಕೋಶಗಳ ಗುರುತಾದ ಸಿಡಿ34ಕ್ಕೆ ನಾಯಿಯದೇ ಪ್ರತಿಕಾಯವನ್ನು ಸಿಯಾಟಲ್‌ನ ಸಂಶೋಧಕರು 1990ರ ದಶಕದ ಕೊನೆಯಲ್ಲಿ ತಯಾರಿಸಿದರು, ಅದಕ್ಕೆ 1ಎಚ್6 ಎಂದು ಹೆಸರು. ಇಂದು ನಾಯಿಯ ರಕ್ತದ ಕ್ಯಾನ್ಸರ್ ಪತ್ತೆಯಲ್ಲಿ ಅದು ಕೈಬಿಡಲಾಗದ ಸಾಧನ. ಒಂದು ಪ್ರಾಣಿಗಾಗಿಯೇ ಶ್ರಮವಹಿಸಿ ಮಾಡಿದ ಒಂದು ಪ್ರತಿಕಾಯ ಎಷ್ಟು ವರ್ಷ ಎಷ್ಟು ಜನರಿಗೆ ಉಪಯೋಗವಾಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಾನು ಕೆಲಸ ಮಾಡುತ್ತಿರುವುದು ಕೊಬ್ಬು ಮತ್ತು ಮಜ್ಜೆಯಿಂದ ಬೆಳೆಯುವ ಮೆಸೆಂಕೈಮಲ್ ಎಂಬ ಬಗೆಯ ಕಾಂಡಕೋಶಗಳ ಮೇಲೆ. ಕುದುರೆಯ ಸ್ನಾಯುರಜ್ಜು ಗಾಯ, ನಾಯಿಯ ಕೀಲುನೋವುಗಳಿಗೆ ಇವನ್ನು ಬಳಸುವ ಪ್ರಯತ್ನಗಳು ಜಗತ್ತಿನ ಅನೇಕ ಕಡೆ ನಡೆದಿವೆ. ಇವನ್ನು ಗುರುತಿಸಲು 2006ರಲ್ಲಿ ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘವು ಮನುಷ್ಯರ ಕೋಶಗಳಿಗಾಗಿ ಅಳತೆಗೋಲೊಂದನ್ನು ಕೊಟ್ಟಿತು. ಕೋಶಗಳು ಪ್ಲಾಸ್ಟಿಕ್ ತಳಕ್ಕೆ ಅಂಟಿ ಬೆಳೆಯಬೇಕು. ಶೇಕಡಾ 95 ಅಥವಾ ಹೆಚ್ಚಿನ ಕೋಶಗಳಲ್ಲಿ ಸಿಡಿ105, ಸಿಡಿ73, ಸಿಡಿ90 ಇರಬೇಕು. ಸಿಡಿ45, ಸಿಡಿ34 ಮೊದಲಾದ ರಕ್ತಕೋಶದ ಗುರುತುಗಳು ಶೇಕಡಾ 2ನ್ನು ಮೀರಬಾರದು. ಮತ್ತು ಮೂಳೆ, ಕೊಬ್ಬು, ಮೃದ್ವಸ್ಥಿಗಳಾಗಿ ಬದಲಾಗುವ ಶಕ್ತಿ ಇರಬೇಕು. ಪ್ರಾಣಿಗಳ ಮೇಲೆ ಕೆಲಸ ಮಾಡುವವರೂ ಈ ಅಳತೆಗೋಲನ್ನೇ ಎತ್ತಿಕೊಂಡೆವು. ಬೇರೆ ಕೋಲು ಇರಲಿಲ್ಲ.

ಮೇಲೆ ಹೇಳಿದ "ಇಲ್ಲ" ಹುಟ್ಟಿದ್ದು ಇಲ್ಲಿ. ನಾಯಿಯ ಸಿಡಿ90ಕ್ಕೆ ನಾಯಿಯದೇ ಪ್ರತಿಕಾಯ ಸಿಗುತ್ತದೆ, ಅದು ಚೆನ್ನಾಗಿ ಹೊಳೆಯಿತು. ಸಿಡಿ45 ಇರಲಿಲ್ಲ, ಇರಬಾರದಾಗಿತ್ತು. ಸಿಡಿ73ಕ್ಕೆ ಮಾತ್ರ ನಾನು ಬಳಸಿದ್ದು ಮನುಷ್ಯನ ಪ್ರೋಟೀನಿಗಾಗಿ ಮಾಡಿದ ಪ್ರತಿಕಾಯ. ವಾರದ ಸಭೆಯಲ್ಲಿ ಚಿತ್ರವನ್ನು ತೋರಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಈ ಪ್ರತಿಕಾಯ ಯಾವುದಾದರೂ ಒಂದು ನಾಯಿಯ ಯಾವುದಾದರೂ ಒಂದು ಕೋಶಕ್ಕೆ ಅಂಟಿದ್ದನ್ನು ನೀವು ನೋಡಿದ್ದೀರಾ?" ನೋಡಿರಲಿಲ್ಲ. ಸಿಡಿ90ರ ವಿಷಯದಲ್ಲಿ ನಾಯಿಯ ರಕ್ತದ ಟಿ ಕೋಶಗಳೇ ಸಾಕ್ಷಿಯಾಗಿ ನಿಂತಿದ್ದವು, ಏಕೆಂದರೆ ನಾಯಿಯಲ್ಲಿ ಅವು ಸಿಡಿ90 ಹೊತ್ತಿರುತ್ತವೆ. ಸಿಡಿ73ಕ್ಕೆ ನನ್ನ ಬಳಿ ಸಾಕ್ಷಿಯೇ ಇರಲಿಲ್ಲ. ಬೀಗ ತೆರೆಯದಿದ್ದಾಗ ಮನೆಯಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡೆ, ಕೈಯಲ್ಲಿದ್ದದ್ದು ಆ ಮನೆಯ ಕೀಲಿಯೇ ಎಂದು ನೋಡಿರಲಿಲ್ಲ.

ಮೊದಲು ನನ್ನ ಕೈಯ ತಪ್ಪುಗಳನ್ನು ಹುಡುಕಿದೆ. ಪ್ಲಾಸ್ಟಿಕ್ ತಳದಿಂದ ಕೋಶಗಳನ್ನು ಬಿಡಿಸಲು ಬಳಸುವ ಟ್ರಿಪ್ಸಿನ್ ಹೊರಮೈಯ ಕೆಲವು ಪ್ರೋಟೀನುಗಳನ್ನು ಕತ್ತರಿಸಿಬಿಡುತ್ತದೆ. ಅದರ ಬದಲಿಗೆ ಮೃದುವಾದ ಕಿಣ್ವದಿಂದ ಬಿಡಿಸಿ ನೋಡಿದೆ, ಗುಡ್ಡ ಸರಿಯಲಿಲ್ಲ. ಬೆಳೆಸಿದ ಈ ಕೋಶಗಳು ದೊಡ್ಡವಾಗಿ, ತಾವಾಗಿಯೇ ಹಸಿರು ಬೆಳಕಿನಲ್ಲಿ ಮಂಕಾಗಿ ಹೊಳೆಯುವುದರಿಂದ, ದುರ್ಬಲ ಗುರುತು ಆ ಹೊಳಪಿನಲ್ಲಿ ಮುಚ್ಚಿಹೋಗಿರಬಹುದೆಂದು ಕೆಂಪು ಲೇಸರಿಗೆ ಹೊಳೆಯುವ ಬಣ್ಣದ ಪ್ರತಿಕಾಯವನ್ನು ತರಿಸಿದೆ. ಆಗಲೂ ಸರಿಯಲಿಲ್ಲ. ಅದೇ ಪ್ರತಿಕಾಯ ಮನುಷ್ಯರ ಕೋಶಗಳ ಮೇಲೆ ಮಾತ್ರ ದೀಪ ಹಚ್ಚಿದಂತೆ ಹೊಳೆಯಿತು.

ಸಿಡಿ73 ಬರಿಯ ಗುರುತಲ್ಲ, ಅದೊಂದು ಕಿಣ್ವ ಎಂಬುದು ಆಗ ಉಪಯೋಗಕ್ಕೆ ಬಂದಿತು. ಕೋಶದ ಹೊರಮೈಯಲ್ಲಿ ನಿಂತು ಎಎಂಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ಕಿತ್ತು ಅಡೆನೋಸಿನ್ ಮಾಡುವುದು ಅದರ ಕೆಲಸ. ಪ್ರತಿಕಾಯಕ್ಕೆ ಅದು ಸಿಗದಿದ್ದರೂ, ಅದು ಮಾಡುವ ಕೆಲಸ ಸಿಗಬೇಕಲ್ಲವೇ? ಫಾಸ್ಫೇಟ್ ಇಲ್ಲದ ದ್ರಾವಣದಲ್ಲಿ ಕೋಶಗಳನ್ನು ಚೆನ್ನಾಗಿ ತೊಳೆದು, ಎಎಂಪಿ ಕೊಟ್ಟು, ಬಿಡುಗಡೆಯಾದ ಫಾಸ್ಫೇಟನ್ನು ಮಾಲಕೈಟ್ ಗ್ರೀನ್ ವಿಧಾನದಿಂದ ಅಳೆದೆ. ನಳಿಕೆ ಹಸಿರಾಯಿತು. ಆದರೆ ಕ್ಷಾರೀಯ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವೂ ಇದೇ ಕೆಲಸ ಮಾಡಬಲ್ಲದು, ಆದ್ದರಿಂದ ಹಸಿರು ಕಂಡ ಸಂತೋಷದಲ್ಲಿ ನಿಲ್ಲುವಂತಿರಲಿಲ್ಲ. ಸಿಡಿ73ನ್ನು ಮಾತ್ರ ತಡೆಯುವ ಎಪಿಸಿಪಿ ಎಂಬ ವಸ್ತುವನ್ನು ಬೆರೆಸಿ ಮತ್ತೆ ಮಾಡಿದಾಗ ಹಸಿರು ಬಹುಮಟ್ಟಿಗೆ ಇಳಿಯಿತು. ನಾಯಿಯ ಆ ಜೀನಿನ ಸಂದೇಶವಾಹಕ ಆರ್‌ಎನ್‌ಎ ಕೂಡ ಪಿಸಿಆರ್‌ನಲ್ಲಿ ಕಂಡಿತು. ಕೋಶಗಳು ಮೊದಲ ದಿನದಿಂದಲೂ ಸಿಡಿ73ನ್ನು ಹೊತ್ತು ನಿಂತಿದ್ದವು.

ಇದು ಪ್ರಯೋಗಾಲಯದೊಳಗಿನ ಸೂಕ್ಷ್ಮದ ಮಾತು ಮಾತ್ರ ಎಂದು ಯಾರಿಗಾದರೂ ಅನಿಸಿದರೆ ನಾನು ಒಪ್ಪುವುದಿಲ್ಲ. ಕುಂಟುವ ನಾಯಿಯನ್ನು ಎತ್ತಿಕೊಂಡು ಬಂದವರು, ಕಾಂಡಕೋಶ ಎಂಬ ಹೆಸರು ಕೇಳಿ, ಕೈಮೀರಿ ಹಣ ತೆರಲು ಸಿದ್ಧರಾಗುತ್ತಾರೆ. ಆ ಸೀಸೆಯಲ್ಲಿ ಏನಿದೆ ಎಂದು ಹೇಳಬಲ್ಲ ಕೆಲವೇ ಸಾಧನಗಳಲ್ಲಿ ಈ ಯಂತ್ರವೂ ಒಂದು. ಸರಿಯಾದ ಕೋಶವನ್ನು ಅಲ್ಲವೆಂದು ಎಸೆಯುವಂತೆಯೇ, ಸತ್ತ ಕೋಶಗಳಿಗೆ ಸಿಕ್ಕಸಿಕ್ಕ ಪ್ರತಿಕಾಯ ಅಂಟಿಕೊಂಡದ್ದನ್ನು ನೋಡಿ ಹೌದೆಂದು ನಾಯಿಯ ಕೀಲಿಗೆ ಚುಚ್ಚುವ ಸಾಧ್ಯತೆಯೂ ಇದೆ. ಎರಡನೆಯ ತಪ್ಪನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ಬೇಸಿಗೆಯಲ್ಲಿ ಶ್ರೀನಿವಾಸಪುರದ ಕಡೆಯ ಕರುವಿನ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತಂದೆ. ಹೊಸಕೋಟೆ ದಾಟಿ ಕೃಷ್ಣರಾಜಪುರದ ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತಾಗ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನಳಿಕೆಗಳು ನೇರವಾಗಿ ಐಸಿಗೆ ಒರಗಿದ್ದನ್ನು ನಾನು ಗಮನಿಸಲಿಲ್ಲ. ಮರುದಿನ ಪರದೆಯ ಮೇಲೆ ಸಿಡಿ4 ಮತ್ತು ಸಿಡಿ8 ಎರಡನ್ನೂ ಹೊತ್ತ ಕೋಶಗಳ ದೊಡ್ಡ ಗುಂಪೊಂದು ಕಾಣಿಸಿತು. ಸತ್ತ ಕೋಶಗಳೊಳಕ್ಕೆ ಮಾತ್ರ ನುಗ್ಗುವ 7-ಎಎಡಿ ಎಂಬ ಬಣ್ಣವನ್ನು ಹಾಕಿ, ಅದು ಹಿಡಿದ ಕೋಶಗಳನ್ನು ಲೆಕ್ಕದಿಂದ ಹೊರಗಿಟ್ಟಾಗ ಆ ಗುಂಪು ಹೇಳಹೆಸರಿಲ್ಲದಂತೆ ಹೋಯಿತು. ಅಂದಿನಿಂದ ನಳಿಕೆ ಮತ್ತು ಐಸಿನ ನಡುವೆ ದಪ್ಪ ಬಟ್ಟೆ ಇಡುತ್ತೇನೆ, 7-ಎಎಡಿ ಇಲ್ಲದೆ ಒಂದು ಮಾದರಿಯನ್ನೂ ಓಡಿಸುವುದಿಲ್ಲ, ಮತ್ತು ರಕ್ತ ತೆಗೆದ ಗಂಟೆಯನ್ನು ನಳಿಕೆಯ ಮೇಲೆಯೇ ಬರೆಯುತ್ತೇನೆ.

ನಾಯಿಯ ಕೋಶಗಳ ಪುಟವನ್ನು ಮತ್ತೆ ತೆರೆದು, "ಇಲ್ಲ" ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಅದರ ಪಕ್ಕದಲ್ಲಿ ತಾರೀಕಿನೊಂದಿಗೆ ಬರೆದಿದ್ದೇನೆ: "ಈ ಪ್ರತಿಕಾಯ ನಾಯಿಯ ಸಿಡಿ73ಕ್ಕೆ ಅಂಟುವುದಕ್ಕೆ ಸಾಕ್ಷಿಯಿಲ್ಲ. ಕಿಣ್ವದ ಕೆಲಸ ಇದೆ, ಎಪಿಸಿಪಿಯಿಂದ ತಗ್ಗುತ್ತದೆ." ಮುಂದಿನ ಹೆಜ್ಜೆಯೆಂದರೆ ನಾಯಿಯ ಸಿಡಿ73 ಜೀನನ್ನು ಆ ಪ್ರೋಟೀನು ಇಲ್ಲದ ಕೋಶಗಳಿಗೆ ಸೇರಿಸಿ, ಅವುಗಳ ಮೇಲೆ ಸಿಗುವ ಪ್ರತಿಕಾಯಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುವುದು, ಯಾವುದಾದರೂ ಅಂಟಿದರೆ ನಾಯಿಗಳ ಮೇಲೆ ಕೆಲಸ ಮಾಡುವ ಬೇರೆಯವರಿಗೂ ಹೇಳಬಹುದು. ಹಳ್ಳಿಯ ಆ ನಾಯಿಯ ಕೋಶಗಳ ನಾಲ್ಕು ಸೀಸೆಗಳು ದ್ರವ ಸಾರಜನಕದ ತೊಟ್ಟಿಯಲ್ಲಿವೆ. ಹೊಲಿಗೆ ಬಿಚ್ಚಲು ಹೋದ ದಿನ ಮಾಲೀಕರು "ನಮ್ಮ ನಾಯಿಯ ಕೊಬ್ಬಿನಿಂದ ಏನಾದರೂ ತಿಳಿಯಿತೇ?" ಎಂದು ಕೇಳಿದ್ದರು, ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಭಾನುವಾರ ಊರಿಗೆ ಹೋಗುವಾಗ ದಾರಿಯಲ್ಲಿ ಇಳಿದು ಅವರ ಮನೆಗೆ ಹೋಗಿ ಹೇಳಬೇಕೆಂದಿದ್ದೇನೆ.